ಟಮೋಯಾಳ ಒಂದು ಫೋಟೊ

ಪೋರ್ಟ್ ಆಂಟೋನಿಯೊ, ಜಮೈಕಾ
ಮಂಗಳವಾರ, ೧೪ ಮಾರ್ಚ್ ೨೦೨೩

ನನ್ನ ಮಗಳಂಥ ಡೆಲ್‌ರೋಸ್,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಬಿಸಾಡಬೇಡಮ್ಮ. ಬೈಯುವುದಿದ್ದರೆ ಓದಿದ ಮೇಲೆ ಬೈ. ಎರಡು ವರ್ಷದ ಹಿಂದೆ ನಿನ್ನ ನಂಬರನ್ನು ನಾನೇ ಅಳಿಸಿಹಾಕಿದ್ದೆ, ಅದಕ್ಕೇ ಮಿನಿಬಸ್ಸಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ಗೆಳತಿ, ನನ್ನ ಟಮೋಯಾ, ಹೋಗಿಬಿಟ್ಟಳು. ಹೋದ ಬುಧವಾರ. ಅಪೆಂಡಿಕ್ಸ್ ಅಂತ ಆಸ್ಪತ್ರೆಗೆ ಸೇರಿಸಿದೆ. ಅದೇನು ಮಹಾ ಆಪರೇಷನ್ನಾ? ಆದರೆ ಹಾಕಿದ ಹೊಲಿಗೆ ನಿಲ್ಲಲಿಲ್ಲ. ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಎಷ್ಟು ವರ್ಷದಿಂದ ಬೆಳ್ಳಗಾಗೋ ಕ್ರೀಮ್ ಹಚ್ತಿದ್ಳಮ್ಮ? ಚರ್ಮ ಒದ್ದೆ ಕಾಗದ ಆಗ್ಹೋಗಿದೆ, ಸೂಜಿ ಹಾಕಿದ ಕಡೆಯೆಲ್ಲ ಹರೀತಿದೆ" ಅಂದಳು. ಗಾಯ ಕೀವಾಯಿತು. ಇಪ್ಪತ್ತಾರು ವರ್ಷದ ಹುಡುಗಿ, ಹನ್ನೊಂದೇ ದಿನಕ್ಕೆ ಮುಗಿದುಹೋದಳು.

ಅವಳ ಫೋಟೊ ಕೆಳಗೆ ನೀನು "ಯಾವಳೇ ಇವ್ಳು? ನಮ್ಮ ಕರೀ ಟಮ್ಮಿ ಎಲ್ಲಿ ಹೋದ್ಳು?" ಎಂದು ಬರೆದಾಗ, ಹೊಟ್ಟೆಕಿಚ್ಚಿನವಳೇ ಎಂದು ಫೋನ್ ಮಾಡಿ ನಿನಗೆ ಉಗಿದವಳು ನಾನು. ಮಗಳಿಗೆ ನಲವತ್ತು ಸಾವಿರ ಫಾಲೋವರ್ಸ್ ಎಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ. ಒಂದು ಸುತ್ತು ಬೆಳ್ಳಗಾದರೆ ಇನ್ನಷ್ಟು ಲೈಕು. ಕ್ರೀಮ್ ಹಚ್ಚಿ, ಅದು ಬೇಗ ಹಿಡಿಯಲೆಂದು ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಅವಳು ಒಳಗೆ ಬೇಯುತ್ತಿದ್ದರೆ, ನಾನು ಫ್ಯಾನನ್ನು ಅವಳ ಕಡೆ ತಿರುಗಿಸಿಡುತ್ತಿದ್ದೆ. ಅಷ್ಟೇ ನಾನು ಮಾಡಿದ್ದು.

ಈಗ ಶವಸಂಸ್ಕಾರದ ದಿನ ಚರ್ಚಿನಲ್ಲಿ ಹಂಚುವ ಪುಸ್ತಿಕೆಯ ಮೇಲೆ ಅವಳ ಮುಖ ಬೇಕು. ಫೋನಿನಲ್ಲಿ ಮೂರು ಸಾವಿರ ಫೋಟೊ ಇವೆ, ಒಂದರಲ್ಲೂ ನನ್ನ ಮಗಳಿಲ್ಲ. ಕೂಸಿದ್ದಾಗ ಎಲ್ಲ ತಾಯಂದಿರಂತೆ ನಾನೂ ಸ್ನಾನದ ಹೊತ್ತಿಗೆ ಅವಳ ಮೂಗು ಹಿಂಡಿ ಹಿಂಡಿ ಚೂಪು ಮಾಡಲು ನೋಡಿದ್ದೆ. ಆಗ ಬಗ್ಗದ ಮೂಗು, ಫೋನಿನಲ್ಲಿ ಫೋಟೊ ತಿದ್ದುವಾಗ ಒಂದೇ ಬೆರಳಿಗೆ ಬಗ್ಗಿತು. ಗೋಡೆಯ ಮೇಲಿದ್ದ ಹಳೆಯ ಫೋಟೊಗಳನ್ನು ಯಾರಾದರೂ ಕದ್ದು ನೆಟ್ಟಿಗೆ ಹಾಕಿ ನಗುತ್ತಾರೆಂದು ಹೋದ ಕ್ರಿಸ್‌ಮಸ್ಸಿಗೆ ಹಿತ್ತಲಲ್ಲಿ ಸುಟ್ಟಳು. ನಾನು ತಡೆಯಲಿಲ್ಲ.

ನಿನ್ನೆ ಅವಳ ಮೈ ತೊಳೆದೆ. ಬೆರಳ ಗೆಣ್ಣುಗಳಿಗೆ ಮಾತ್ರ ಆ ಕ್ರೀಮ್ ನಾಟಿರಲಿಲ್ಲ, ಅವು ಕಪ್ಪಗೇ ಇದ್ದವು, ಕೈಹಿಡಿದು ಶಾಲೆಗೆ ಕರೆದೊಯ್ಯುವಾಗ ಇದ್ದ ಹಾಗೆ. ಒಂದೊಂದು ಗೆಣ್ಣಿಗೂ ಮುತ್ತಿಟ್ಟು ಅತ್ತೆ ಕಣಮ್ಮ. ನನ್ನ ಮಗಳು ಅಷ್ಟೇ ಉಳಿದಿದ್ದಳು.

ನೀವಿಬ್ಬರೂ ಸ್ಕೂಲ್ ಯೂನಿಫಾರ್ಮಿನಲ್ಲಿ ಹಲ್ಲು ಕಿರಿದು ನಿಂತ ಫೋಟೊ ನಿನ್ನ ಹತ್ತಿರ ಇರಬೇಕು. ಪ್ರೆಸ್ಸಿನವನಿಗೆ ಗುರುವಾರದೊಳಗೆ ಸಿಗಬೇಕು. ಶನಿವಾರ ಮಣ್ಣು. ಬಾ, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರು. ಅವಳೂ ಕೊನೆಗೆ ಜ್ವರದಲ್ಲಿ ನಿನ್ನನ್ನೇ ಕರೆಯುತ್ತಿದ್ದಳು.

ಕ್ಷಮೆ ಕೇಳಲೂ ಯೋಗ್ಯಳಲ್ಲದ
ಹಯಸಿಂತ್ ಆಂಟಿ

ತಾ.ಕ.: ಹಳೇ ಫೋಟೊ ಬರುತ್ತದೆ ಎಂದಾಗ ಪ್ರೆಸ್ಸಿನವನು, "ಮುಖ ಒಂಚೂರು ಬೆಳ್ಳಗೆ ಮಾಡ್ಲಾ ಆಂಟಿ? ಎಲ್ರಿಗೂ ಮಾಡ್ಕೊಡ್ತೀವಿ" ಎಂದು ಕೇಳಿದ. ನಾನು "ಒಂಚೂರು ಮಾಡಪ್ಪ" ಅಂದೆ. ಬಾಯಿತಪ್ಪಿ ಅಲ್ಲ, ಯೋಚಿಸಿಯೇ ಅಂದೆ. ಬೇಡ ಎನ್ನಲು ಇನ್ನೂ ಫೋನ್ ಮಾಡಿಲ್ಲ. ಫೋಟೊ ನೀನೇ ತಂದು ಅವನ ಕೈಗೇ ಕೊಡು, ಬಣ್ಣ ಮುಟ್ಟಬೇಡವೆಂದು ಗದರಿಸಿ ಹೇಳು. ನನ್ನ ಕೈಗೆ ಮಾತ್ರ ಕೊಡಬೇಡ.