ಉಳಿದ ಕಟಗಿ

14 ನವೆಂಬರ್ 2005, ಸೋಮವಾರ

ಹುಮನಾಬಾದ್ ಬಸ್ಸಿನಾಗ ಇವತ್ತೂ ನಿಂತೇ ಹೋದೆ. ಸೊಂಟ ಹಿಡದದ. ಆಫೀಸಿನಾಗ ಅನೀಲಕುಮಾರ ಸರ್ ನಕಾಶೆ ಹರವಿಕೊಂಡು ಕೂತಿದ್ರು. ಇವತ್ತು ಹುಲಸೂರ ಕಡಿ ಹೋಗು ಅಂದ್ರು. ಕೇಳೋದು ಅದೇ — ತೊಗರಿ ಎಷ್ಟು ಎಕರೆ, ರಾಶಿ ಆದಮ್ಯಾಲ ಕಟಗಿ ಏನ್ ಮಾಡ್ತೀರಿ, ಎಷ್ಟು ಉಳೀತದ. ಸರ್ವೇ ಅಂದ್ರ ಮಂದಿಗೆ ಜನಗಣತಿ. ಒಬ್ಬಾಕಿ ರೇಷನ್ ಕಾರ್ಡ್ ತಂದು ಮುಂದಿಟ್ಟಳು.

ಸಂಜಿಗೆ ಊಟಕ್ಕ ಕೂತಾಗ ಅಪ್ಪಾಜಿ ಕೇಳಿದ್ರು, ಈ ಕಟಗಿ ಹಿಂದ ಯಾಕ ಬಿದ್ದೀದಿ ಅಂತ. ತಿಳಿಸಿ ಹೇಳಿದೆ. ಹೈವೇ ಮಗ್ಗಲಿಗೆ ಹೊಸ ಪ್ಲಾಂಟ್. ಕಲ್ಲಿದ್ದಲು ಬಿಟ್ಟು ತೊಗರಿ ಕಟಗಿ ಸುಟ್ಟು ಕರೆಂಟ್ ಮಾಡ್ತಾರ. ಜಪಾನದ ಕ್ಯೋಟೋ ಅನ್ನೋ ಊರಾಗ ದೇಶದೇಶದವರು ಕೂಡಿ ಒಪ್ಪಂದ ಮಾಡ್ಯಾರ, ಈ ವರ್ಷ ಜಾರಿಗೆ ಬಂತು. ಶ್ರೀಮಂತ ದೇಶದವರು ಹೊಗಿ ಕಮ್ಮಿ ಮಾಡಬೇಕು. ತಮ್ಮಲ್ಲಿ ಆಗಲಿಲ್ಲಂದ್ರ ನಮ್ಮಂಥವರ ಕಡಿ ಕಮ್ಮಿ ಮಾಡಿಸಿ, ಅದಕ್ಕ ರೊಕ್ಕ ಕೊಟ್ಟು ತಮ್ಮ ಹೆಸರಿಗೆ ಬರಕೋಬಹುದು...

ಅಪ್ಪಾಜಿ ಅಡತಿ ಅಂಗಡಿ ಮನಷಾ, ದಲಾಲಿ ವ್ಯಾಪಾರ. ಒಂದೇ ಸಲಕ್ಕ ತಿಳೀತು. "ಹಂಗಂದ್ರ ಬಿಡದಿದ್ದ ಹೊಗಿ ಮಾರೋದು," ಅಂದ್ರು. ಹೌದ್ರಿ ಅಂದೆ. ಭಾಳ ಹೊತ್ತು ನಕ್ಕರು. ಆಮ್ಯಾಲ ನಗು ನಿಲ್ಲಿಸಿ ಕೇಳಿದ್ರು — ಅಷ್ಟು ಕಟಗಿ ಕೂಡಿಸಿ ಕೊಡವ್ರು ಯಾರು?

22 ನವೆಂಬರ್

ಮೋರಖಂಡಿ. ಹೊಲ ಇದ್ದವರ ಮನಿಗಷ್ಟೇ ಹೋಗಬೇಕು. ಹೊಲದ ಸರ್ವೇ ನಂಬರ್ ಇಲ್ಲಂದ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ. ಪಾಂಡುರಂಗ ಅಂತ ದೊಡ್ಡ ರೈತ. ಕಟಗಿ ಏನ್ ಮಾಡ್ತೀರಿ ಅಂದ್ರ, ನಮಗೇನು ಬೇಕಾಗಂಗಿಲ್ಲ ಬಾಯಿ, ಬಿಟ್ಟುಬಿಡ್ತೀವಿ ಅಂದ. ಉಳೀತದ — ಅಂತ ಬರಕೊಂಡೆ.

ಬಸ್ಸಿಗೆ ಹೊತ್ತಿತ್ತು. ಊರ ಹೊರಗಿನ ಕುರುಬರ ಮನಿಯಾಕಿ ಕರೆದು ಕೂಡಿಸಿದಳು. ಜಿಜಾಬಾಯಿ. ಗಂಡ ಕುರಿ ಹೊಡಕೊಂಡು ಮಹಾರಾಷ್ಟ್ರದ ಕಡಿ ಹೋಗ್ಯಾನ, ಮಗನೂ ಬೆನ್ನಿಗೆ. ಮನಿಯಾಗ ತಾನು, ಬಸುರಿ ಸೊಸಿ ಅಮೃತ. ಒಲಿಗೆ ತೊಗರಿ ಕಟಗಿ ಮುರಿದು ಹಾಕಿ ಚಹಾ ಕಾಸಿ ಕೊಟ್ಟಳು. ಚಟಚಟ ಅಂತ ಉರೀತಿತ್ತು. ಭಾಳ ಸಕ್ಕರಿ.

ಈ ಮನಿ ಸರ್ವೇದಾಗ ಇಲ್ಲ. ಹೊಲ ಇಲ್ಲ.

5 ಡಿಸೆಂಬರ್

ರಿಪೋರ್ಟ್ ಮುಗೀತು. ತಾಲೂಕಿನಾಗ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಕಟಗಿ ಉಳೀತದ ಅಂತ ಬಂತು. ಸರ್ ಖುಷ್. ಪೂನಂ, ನಿನ್ನ ಕೆಲಸ ದೆಹಲಿ ತನಕ ಹೋಗ್ತದ ಅಂದ್ರು. ಅಲ್ಲಿ ಸರ್ಕಾರ ಒಪ್ಪಿದ ಮ್ಯಾಲ ವಿಶ್ವಸಂಸ್ಥೆಗೆ. ಬಿ.ಎಸ್ಸಿ. ಮಾಡಿ ಮನ್ಯಾಗ ಕೂತಾಗ ಇದೆಲ್ಲ ಕನಸಿನಾಗೂ ಇರಲಿಲ್ಲ.

19 ಜನವರಿ 2006

ಅಪ್ಪಾಜಿಗೆ ಕಟಗಿ ಕೂಡಿಸೋ ಗುತ್ತಿಗೆ ಸಿಕ್ತು. ಮೋರಖಂಡಿ, ಸುತ್ತ ಮುತ್ತ ಊರು. ನಾನೇ ಸರ್‌ಗೆ ಭೇಟಿ ಮಾಡಿಸಿದ್ದೆ. ಅವ್ವ ಹೂರಣದ ಹೋಳಿಗಿ ಮಾಡಿದ್ದಳು. ಸಂಜಿ ಬಸ್ಸಿನ ಕಿಡಕಿಯಿಂದ ನೋಡಿದೆ — ಕಟಗಿ ತುಂಬಿದ ಲಾರಿ, ಎರಡೂ ಮಗ್ಗಲಿಗೆ ಜೋತುಬಿದ್ದು, ರೋಡ್ ತುಂಬ. ಹೆಮ್ಮೆ ಅನಿಸ್ತು. ಖರೇನೇ ಅನಿಸ್ತು.

7 ಫೆಬ್ರವರಿ, ಸಂಜಿ

ಪ್ಲಾಂಟಿನ ಕೆಲಸಕ್ಕ ಮತ್ತ ಮೋರಖಂಡಿ. ಜಿಜಾಬಾಯಿ ಮನಿ ಮುಂದ ಕೆಟ್ಟ ವಾಸನಿ. ಒಲ್ಯಾಗ ಸೈಕಲ್ ಟೈರಿನ ತುಂಡು, ಹಸಿ ಜಾಲಿ. ಹೊಗಿಯೊಳಗ ಅಕಿ ಮಾರಿ ಕಾಣಲಿಲ್ಲ.

ಅಮೃತ ಹಡದಾಳ, ಹೆಣ್ಣು. ಬಾಣಂತಿಗೆ ಎರೀಲಿಕ್ಕ ನೀರು ಕಾಸಬೇಕು. ಕಟಗಿ ಯಾಕಿಲ್ಲ ಅಂದೆ. ನನ್ನ ಮಾರಿ ನೋಡಿದಳು, ಗೊತ್ತಿಲ್ಲೇನು ಅನ್ನೋ ಹಂಗ. ವರ್ಷಾ ವರ್ಷಾ ಪಾಂಡುರಂಗನ ತೊಗರಿ ಕೊಯ್ಯಾಕಿ ಅಕಿ. ಕಟಗಿ ಹೊತ್ತು ತರ್ತಿದ್ದಳು, ಮಳಿಗಾಲ ದಾಟುವಷ್ಟು. ಈ ವರ್ಷ ಕೂಲಿ ಕೈಯಾಗ ಕೊಟ್ಟ, ಕಟಗಿ ಲಾರಿಗೆ ಹೇರಿದ. ಸಗಣಿ ಕುಳ್ಳು ಕೊಳ್ಳೋಣಂದ್ರ ಎಲ್ಲರೂ ಕುಳ್ಳಿಗೇ ಬಿದ್ದಾರ, ಸಿಗವಲ್ಲವು.

ಪಾಂಡುರಂಗ "ಬಿಟ್ಟುಬಿಡ್ತೀವಿ" ಅಂದದ್ದು... ಬಿಟ್ಟದ್ದು ಇವರಿಗೆ. ಯಾರಿಗೆ ಅಂತ ನಾ ಕೇಳಲೇ ಇಲ್ಲ.

ಒಳಗ ಹೋಗಿ ಕೂಸು ನೋಡಿದೆ. ಹಂಡೆದಾಗ ಕೈ ಇಟ್ಟೆ. ಉಗುರು ಬೆಚ್ಚಗ ಇತ್ತು, ಅಷ್ಟೇ. ಅಮೃತ ಕುಪ್ಪಸದ ಮ್ಯಾಲ ಚಾದರ ಸುತ್ತಿಕೊಂಡು ನಡುಗಲಾಕತ್ತಿದ್ದಳು. ಜಿಜಾಬಾಯಿ ನನಗೇನೂ ಬೈಲಿಲ್ಲ. ಚಹಾ ಮಾಡಲಾ ಅಂತ ಕೇಳಿದಳು.

8 ಫೆಬ್ರವರಿ

ಸರ್‌ಗೆ ಹೇಳಿದೆ. ಪೂರಾ ಕೇಳಿದ್ರು. ಕೆಟ್ಟ ಮನಷಾ ಅಲ್ಲ. ಹುಲಸೂರಿನವರೇ, ಅವರ ತಾಯಿನೂ ಒಲಿ ಊದಿದಾಕಿನೇ. "ಕಲ್ಲಿದ್ದಲು ಸುಡೋಣ ಅಂತೀ ಏನು? ಮಳಿ ಹ್ಯಾಂಗ ದಿಕ್ಕು ತಪ್ಯಾವ ನೋಡೀದಿ ಇಲ್ಲ. ಎಲ್ಲಿಂದರೆ ಚಾಲೂ ಮಾಡಬೇಕಲ್ಲ," ಅಂದ್ರು. ಊರಿಗೆ ಗ್ಯಾಸ್ ಸಿಲಿಂಡರ್ ಕೊಡಿಸೋಣಂತ, ಮುಂದಿನ ವರ್ಷ. ರಿಪೋರ್ಟ್ ಈಗ ಮುಟ್ಟೋದು ಬ್ಯಾಡ, ಎಲ್ಲಾ ಬಿದ್ದುಹೋಗ್ತದ ಅಂದ್ರು.

ಅವರಂದದ್ದು ಖರೆ. ಜಿಜಾಬಾಯಿ ಅಂದದ್ದೂ ಖರೆ.

23 ಫೆಬ್ರವರಿ

ನಾಳೆ ತಪಾಸಣೆ. ಚೆನ್ನೈದಿಂದ ಒಬ್ಬರು ಸಾಹೇಬರು ಬರ್ತಾರ. ಪ್ಲಾಂಟಿನವರು ಬರದದ್ದು ಖರೆ ಅದನೋ ಇಲ್ಲೋ ನೋಡಿ ಅವರು ಸಹಿ ಮಾಡಬೇಕು, ಆಮ್ಯಾಲೇ ವಿಶ್ವಸಂಸ್ಥೆಗೆ. ಅವರಿಗೆ ಕನ್ನಡ ಬರಂಗಿಲ್ಲ, ಹಿಂದೀನೂ ಇಲ್ಲ. ಹಿಂದಿ ಬಂದಿದ್ರ ನಮ್ಮ ಬಸವಕಲ್ಯಾಣದವರಿಗೆ ಯಾರ ಹಂಗು? ಎಲ್ಲರೂ ತಾವೇ ಮಾತಾಡ್ತಿದ್ರು. ಹಂಗಾಗಿ ನಾನು ಇಂಗ್ಲಿಷಿಗೆ ಹೇಳಬೇಕು. ಚಿಕ್ಕದಾಗಿ ಹೇಳು ಅಂದಾರ ಸರ್.

ಅಪ್ಪಾಜಿನೂ ಬರ್ತಾರ, ಮುಂದಿನ ಸಾಲಿಗೆ. ಹೊಸ ಧೋತ್ರ ತೆಗೆಸಿಟ್ಟಾರ.

24 ಫೆಬ್ರವರಿ, ಶುಕ್ರವಾರ

ಮಲಗೋ ಹೊತ್ತಾಗ್ಯದ. ಆದ್ರೂ ಬರೀತೀನಿ.

ಶಾಲಿ ಪಡಸಾಲಿ. ಗಂಡಸರು ಕುರ್ಚಿ ಮ್ಯಾಲ, ಹೆಣ್ಣುಮಕ್ಕಳು ಬಾಗಿಲ ಕಡಿ ನೆಲದ ಮ್ಯಾಲ. ಸಾಹೇಬರು ಕೇಳಿದ್ರು, ಪ್ಲಾಂಟ್‌ನಿಂದ ಯಾರಿಗಾದ್ರೂ ತ್ರಾಸ ಅದ ಏನು ಅಂತ. ಇಲ್ಲ ಅಂದ್ರು ಎಲ್ಲರೂ. ಪಾಂಡುರಂಗ ಎದ್ದು ನಿಂತು ಫಾಯದಾನೇ ಆಗ್ಯದ ಅಂದ. ಹೇಳಿದೆ, ಇಂಗ್ಲಿಷಿನಾಗ. ಸಾಹೇಬರು ತಲಿ ತೂಗಿ ಬಾಗಿಲ ಕಡಿ ನೋಡಿದ್ರು. ಅವರನ್ನೂ ಕೇಳ್ರಿ ಅಂದ್ರು.

ಜಿಜಾಬಾಯಿ ಎದ್ದಳು. ಸೆರಗು ತಲಿ ಮ್ಯಾಲ ಎಳಕೊಂಡು.

"ತೊಗರಿ ಕೊಯ್ಯಾಕಿ ನಾ. ನಮ್ಮತ್ತಿ ಕಾಲದಿಂದ ಕಾಳು ಮಾಲಕಂದು, ಕಟಗಿ ಕೊಯ್ದಾಕೀದು. ಯಾರೂ ಬರದಿಟ್ಟಿಲ್ಲ, ಯಾರೂ ಇಲ್ಲ ಅಂದಿದ್ದೂ ಇಲ್ಲ. ಈ ಸಲ ಲಾರಿ ಬಂತು. ಸೊಸಿ ಹಡದು ಕೂತಾಳ, ಅಕಿಗೆ ಎರೀಲಿಕ್ಕ ನೀರು ಕಾಯವಲ್ಲದು. ಲಾರಿ ತರಬ್ಯಾಡ್ರಿ ಅನ್ನಂಗಿಲ್ಲ ನಾ. ನಮ್ಮ ಪಾಲು ಯಾರಿಗೆ ಕೇಳಬೇಕು, ಅಷ್ಟು ಹೇಳ್ರಿ."

ನಾ ಬಾಯಿ ತೆಗೆಯೋದ್ರಾಗ ಅನೀಲಕುಮಾರ ಸರ್ ತಾವೇ ಇಂಗ್ಲಿಷಿನಾಗ ಹೇಳಿಬಿಟ್ರು — ಈಕಿ ಊರಿಗೆ ಗ್ಯಾಸ್ ಕೇಳಲಾಕತ್ತಾಳ ಅಂತ. ಸಾಹೇಬರು ಬರಕೊಳ್ಳಲಿಕ್ಕ ಹತ್ತಿದ್ರು. ಜಿಜಾಬಾಯಿ ನನ್ನೇ ನೋಡಲಾಕತ್ತಿದ್ದಳು. ಅಕಿಗೆ ಇಂಗ್ಲಿಷ್ ಬರಂಗಿಲ್ಲ. ಆದ್ರ ತಾ ಅಷ್ಟು ಮಾತಾಡಿದ್ದು ಇಷ್ಟೇ ಇಷ್ಟಾಯ್ತು ಅನ್ನೋದು ಯಾರಿಗೆ ತಿಳಿಯಂಗಿಲ್ಲ?

ಅಪ್ಪಾಜಿ ನನ್ನ ನೋಡಿದ್ರು. ಮೆಲ್ಲಕ ತಲಿ ಅಲ್ಲಾಡಿಸಿದ್ರು. ಬ್ಯಾಡ ಅಂತ.

"ಸರ್, ಇನ್ನೂ ಅದ," ಅಂದೆ ಸಾಹೇಬರಿಗೆ ಇಂಗ್ಲಿಷಿನಾಗ. ಎಲ್ಲಾ ಹೇಳಿದೆ. ಎರೆಯೋದು ಅನ್ನೋದಕ್ಕ ಇಂಗ್ಲಿಷ್ ಸಿಗಲಿಲ್ಲ. ಬಾತ್ ಅಂದೆ. ಬರೇ ಬಾತ್ ಅಲ್ಲ ಅದು. ಮತ್ತ ಬಿಡಿಸಿ ಹೇಳಿದೆ, ಕೈ ಮಾಡಿ ತೋರಿಸಿದೆ — ಹಡದಾಕಿಗೆ, ಕುದಿಯೋ ನೀರು, ನಡಕ್ಕ, ಬೆನ್ನಿಗೆ. ಸಾಹೇಬರು ಪೆನ್ ಕೆಳಗಿಟ್ರು. "ನಮ್ಮ ಮನೆಯಲ್ಲೂ ಹಾಗೇ," ಅಂದ್ರು, ಇಂಗ್ಲಿಷಿನಾಗೇ, ಸಣ್ಣ ದನಿಲೆ.

ಆಮ್ಯಾಲ ಸರ್ ಕಡಿ ತಿರುಗಿ ವಿವರಿಸಿದ್ರು. ನಿಯಮದಾಗೇ ಅದ ಅಂತ — ಕಟಗಿ ಖರೇನೇ ಉಳಿದದ್ದಿರಬೇಕು. ಮಂದಿ ಒಲಿಯಾಗಿಂದು ಕಸಗೊಂಡು ಬಂದ್ರ ಅವರು ಬ್ಯಾರೆ ಗಿಡ ಕಡೀತಾರ, ಟೈರು ಸುಡ್ತಾರ. ಇಲ್ಲಿ ಉಳಿದ ಹೊಗಿ ಅಲ್ಲಿ ಏಳ್ತದ. ಹಂಗಂದ್ರ ಏನೂ ಉಳಿಸಿದಂಗಾಗಲಿಲ್ಲ.

ನಾ ಸರ್ ಜೋಡಿ ಜೀಪಿನಾಗ ಬಂದೆ. ಅಪ್ಪಾಜಿ ಬಸ್ಸಿಗೆ ಬಂದ್ರು.

27 ಫೆಬ್ರವರಿ

ಅಪ್ಪಾಜಿ ಮಾತು ಬಿಟ್ಟಾರ. ಇವತ್ತು ಊಟಕ್ಕ ಕೂತಾಗ ಒಂದೇ ಮಾತು — "ನನ್ನನ್ನ ಎದುರಿಗೆ ಕೂಡಿಸಿಕೊಂಡು ಹೇಳಬೇಕಿತ್ತೇನು?" ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. ಅವ್ವ ಗಂಡನ ಎದುರಿಗೆ ಜಾಸ್ತಿ ಮಾತಾಡಾಕಿ ಅಲ್ಲ.

"ಈಕಿನ್ನ ಹಡದಾಗ ಒಂದಿನ ಹಂಡೆ ಆರಿತ್ತು. ಅಂಗಡಿ ಬಿಟ್ಟು ಓಡಿ ಬಂದು ಒಲಿ ಊದಿದವರು ನೀವೇರಿ," ಅಂದಳು. ಮತ್ತ ರೊಟ್ಟಿ ಬಡೀಲಿಕ್ಕ ಕೂತಳು.

ಅಪ್ಪಾಜಿ ರೊಟ್ಟಿ ಇನ್ನೊಂದು ಹಾಕಿಸಿಕೊಂಡ್ರು.

3 ಏಪ್ರಿಲ್

ಆಫೀಸಿಗೆ ಬರೋದು ಸಾಕು ಅಂದ್ರು. ಸರ್ವೇ ಮುಗದದಂತ. ಅನೀಲಕುಮಾರ ಸರ್ ಬಾಗಿಲ ತನಕ ಬಂದ್ರು, ಕೈ ಕಟ್ಟಿಕೊಂಡು ನಿಂತ್ರು.

ಬಸ್ಸಿನಾಗ ಸೀಟು ಸಿಕ್ತು ಇವತ್ತು.

18 ಜುಲೈ

ಇಷ್ಟು ದಿನ ಬರದೇ ಇಲ್ಲ. ಟ್ಯೂಷನ್ ಮಕ್ಕಳು, ಮನಿ, ಮತ್ತ ಟ್ಯೂಷನ್ ಮಕ್ಕಳು.

ಅಂಗಡಿ ಫೋನಿಗೆ ಅನೀಲಕುಮಾರ ಸರ್ ಮಾಡಿದ್ರು. ದೆಹಲಿಯವರು ಒಪ್ಯಾರ, ಚೆನ್ನೈ ಸಾಹೇಬರು ಮಾತ್ರ ತಡೆದಾರ. ಹೊಲ ಇಲ್ಲದವರ ಮನಿನೂ ಕೇಳಿ ಬರ್ರಿ, ಅಲ್ಲಿ ತನಕ ಸಹಿ ಇಲ್ಲ ಅಂದಾರಂತ. ಬರ್ತಿ ಏನು ಪೂನಂ, ಅಂದ್ರು. ನಿನ್ನ ಮ್ಯಾಲ ಭಾಳ ಸಿಟ್ಟಿತ್ತು, ಸುಳ್ಳು ಯಾಕ ಹೇಳಲಿ, ಆದ್ರ ಆ ಮನಿ ಬಾಗಿಲಿಗೆ ಬ್ಯಾರೆಯವರು ಹೋದ್ರ ಯಾರೂ ಬಾಯಿ ಬಿಡಂಗಿಲ್ಲ.

ಹೋಗ್ತೀನಿ ಅಂದೆ. ಅಪ್ಪಾಜಿ ಅಲ್ಲೇ ಗಲ್ಲಾ ಮುಂದ ಕೂತಿದ್ರು. ಕೇಳಿಸ್ತು ಅವರಿಗೆ. "ಛತ್ರಿ ಒಯ್ಯಿ," ಅಂದ್ರು. ಫೆಬ್ರವರಿದಿಂದ ನನ್ನ ಜೋಡಿ ತಾವಾಗಿ ಆಡಿದ್ದು ಇದೇ.

11 ಸೆಪ್ಟೆಂಬರ್

ಲೆಕ್ಕ ತಲಿಕೆಳಗಾಯ್ತು. ನಾ ಉಳಿದದ್ದು ಅಂತ ಬರದಿದ್ದ ಕಟಗಿ ಪೂರಾ ಉಳಿದದ್ದಲ್ಲ. ಊರೂರಿಗೆ ಕೊಯ್ಯೋ ಹೆಂಗಸರು, ಅವರವರ ಒಲಿ. ಮುನ್ನಿ ಬೀ ಅಂತ ಒಬ್ಬಾಕಿ ಮನಿಯೊಳಗ ಕರಕೊಂಡು ಹೋಗಿ ಕಟಗಿ ಇಡೋ ಖಾಲಿ ಅಟ್ಟ ತೋರಿಸಿದಳು.

ಪ್ಲಾಂಟಿನವರು ಒಪ್ಯಾರ. ಕೊಯ್ದವರ ಪಾಲು ಹೊಲದಾಗೇ ಬಿಡಬೇಕು, ಪಾಲು ಬಿಟ್ಟ ಹೊಲದ ಕಟಗಿ ಮಾತ್ರ ತಗೋತಾರ. ಕಮ್ಮಿ ಬಿದ್ದದ್ದಕ್ಕ ಕಬ್ಬಿನ ರವದಿ, ಒಣಗಿದ ಎಲಿ, ಸುಡ್ತಾರ. ಕರೆಂಟ್ ಮೊದಲು ಅಂದಷ್ಟು ಆಗಂಗಿಲ್ಲ. ಹೊಗಿ ಲೆಕ್ಕಾನೂ ಸಣ್ಣದಾಗ್ತದ. ಸರ್ ಬೇಜಾರ ಆಗಿದ್ರು. ಆಮ್ಯಾಲ ಅವರೇ ಅಂದ್ರು, ಸಣ್ಣದಾದ್ರೂ ಖರೇದಲ್ಲ.

ಅಪ್ಪಾಜಿ ಗುತ್ತಿಗಿನೂ ಕಮ್ಮಿ ಆಗ್ತದ. ನಾನೇ ಹೇಳಿದೆ, ಬ್ಯಾರೆಯವರಿಂದ ಕೇಳೋದು ಬ್ಯಾಡ ಅಂತ. ಕೇಳಿಸಿಕೊಂಡು ಟೋಪಿ ಹಾಕ್ಕೊಂಡು ಅಂಗಡಿಗೆ ಹೋದ್ರು.

10 ಜನವರಿ 2007

ಮೋರಖಂಡಿದಾಗ ಕೊಯ್ಲು. ಪಾಂಡುರಂಗ ಪಾಲು ಬಿಡಂಗಿಲ್ಲ ಅಂತ ಕೂತಾನ. ನನ್ನ ಹೊಲ, ನನ್ನ ಕಟಗಿ, ಜಪಾನದವರು ಯಾರು ಕೇಳವ್ರು ಅಂತ. ನಾ ಹೋದೆ, ಸರ್ ಹೋದ್ರು, ಆಗಲಿಲ್ಲ. ಸಂಜಿಗೆ ಅಪ್ಪಾಜಿ ತಾವೇ ಹೋದ್ರು. ಏನು ಮಾತಾಡಿದ್ರೋ. ಅವ್ವ ಕೇಳಿದ್ದಕ್ಕ ಇಷ್ಟೇ ಅಂದ್ರು — "ಅವನ ಹೆಂಡತಿ ಮುಂದ ಕೂತು ಬಾಣಂತಿ ನೀರಿನ ಮಾತು ತೆಗೆದೆ."

ಬಿಟ್ಟನಂತ ಪಾಲು. ಎಲ್ಲರೂ ಬಿಟ್ಟಿಲ್ಲ. ಮ್ಯಾಲಿನ ಓಣಿ ಇಬ್ಬರು ರೈತರು ಬ್ಯಾರೆ ಕಡಿ ಲಾರಿ ನೋಡಿಕೊಂಡಾರ, ಇಟ್ಟಂಗಿ ಭಟ್ಟಿಯವರಿಗೆ. ಅವರ ಹೊಲ ಕೊಯ್ದವರಿಗೆ ಈ ವರ್ಷಾನೂ ಇಲ್ಲ. ಆ ಹೆಂಗಸರ ಮಾರಿ ಹ್ಯಾಂಗ ನೋಡಲಿ ತಿಳೀವಲ್ಲದು.

21 ಜನವರಿ, ಮಧ್ಯಾಹ್ನ

ಅಪ್ಪಾಜಿ ಜೋಡಿ ಕಟಗಿ ತೂಗೋ ಕಡಿ ಬಂದೀನಿ. ಬೇವಿನ ನೆಳ್ಳಾಗ ಕೂತು ಬರೀಲಾಕತ್ತೀನಿ. ಜಿಜಾಬಾಯಿ ತನ್ನ ಪಾಲಿನ ಕಟಗಿ ಮನಿ ಮುಂದ ಒಟ್ಟ್ಯಾಳ, ಛಾವಣಿ ಎತ್ತರ. ಅಮೃತ ನೆಟ್ಟಗ ಆಗ್ಯಾಳ. ಕೂಸು ಒಟ್ಟಿಲ ಹಿಡಕೊಂಡು ನಿಲ್ತದ, ಕಟಗಿ ಎಳೀತದ, ಬೈಸಿಕೊಳ್ತದ.

ಜಿಜಾಬಾಯಿ ಈಗ ಎರಡು ಹೊರಿ ಹೊತ್ತು ತಂದು ಕಾಂಟಾದ ಮ್ಯಾಲ ಇಟ್ಟಳು. ಒಲಿಗೆ ಬೇಕಾದ್ದು ಇಟ್ಟುಕೊಂಡೀನಿ ಸಾವಕಾರ್ರ, ಇದು ನಿಮಗ, ತೂಗ್ರಿ ಅಂತ. ಪಾಂಡುರಂಗಗ ಕೊಟ್ಟ ರೇಟೇ ಬೇಕಂತ. ಅಪ್ಪಾಜಿ ಕಾಂಟಾ ಬಿಟ್ಟು ನೆಟ್ಟಗ ನಿಂತ್ರು. ಅಷ್ಟು ಹಂಗಾಮಾ ಮಾಡಿ ಪಾಲು ಬಿಡಿಸಿಕೊಂಡಾಕಿ, ನನಗೇ ಮಾರ್ತಾಳ ನೋಡು ಅಂತ ನನ್ನ ಕಡಿ ತಿರುಗಿದ್ರು. ಬೈತಾರ ಅನಕೊಂಡೆ. ನಗಲಾಕತ್ತಿದ್ರು.

ಈಗ ತೂಕದ ಜಗಳ. ಕಟಗಿ ಹಸಿ ಅದ, ತೂಕ ಕಡೀತೀನಿ ಅಂತ ಅಪ್ಪಾಜಿ. ಒಣಗ್ಯದ, ಮುರಿದು ನೋಡ್ರಿ ಅಂತ ಅಕಿ. ತಾನೇ ಹೊರಿ ಮ್ಯಾಲ ಹತ್ತಿ ಕೂತಾಳ, ಇಳಿಯವಲ್ಲಳು. ಪೂನಂ, ಬಾ ಇಲ್ಲಿ, ನೀನೇ ಹೇಳು ಅಂತ ಇಬ್ಬರೂ ಕರೀಲಾಕತ್ತಾರ. ಹೋಗ್ತೀನಿ, ಯಾರ ಕಡಿ ಹೇಳಲಿ ಅಂತ ಇನ್ನೂ ಗೊತ್ತಿಲ್ಲ.