ತೊಳೆದಿಟ್ಟ ತಟ್ಟೆ

ಅಕ್ಟೋಬರ್ 27, ಬೆಳಿಗ್ಗೆ

ಮತ್ತೆ ಬೂದಿ. ಕಾಫಿ ಲೋಟದ ಮುಚ್ಚಳ ತೆಗೆದು ಒಂದು ಗುಟುಕು, ಮತ್ತೆ ಮುಚ್ಚು. ಅಭ್ಯಾಸವಾಗಿಬಿಟ್ಟಿದೆ.

ಊರೂರಿಂದ ಲೆಕ್ಕ ಬಂತು. ಬೂದಿ ಉಗುಳುವ ಜ್ವಾಲಾಮುಖಿ ಬೆಟ್ಟ ಒಂದೇ, ಬೂದಿ ಒಂದೇ, ಅಳತೆ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರು ಸ್ಕೇಲಿಟ್ಟು ದಪ್ಪ ನೋಡುತ್ತಾರೆ, ಇನ್ನೊಬ್ಬರು ಒದ್ದೆ ಬೂದಿಯನ್ನೇ ತೂಗುತ್ತಾರೆ. ವಿಮಾನ ನಿಲ್ದಾಣದವರದು ಬರೀ 'ಸ್ವಲ್ಪ', 'ಜಾಸ್ತಿ'. ಇದನ್ನೆಲ್ಲ ಕೂಡಿಸಿ ಯಾವ ಊರಿನ ಮಾಡಿನ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಹೇಳಬೇಕಂತೆ, ನಾನು! ತಲೆ ಚಿಟ್ಟು ಹಿಡಿಯಿತು.

ಇನ್ನು ಸಾಕು. ಎಲ್ಲ ಊರಿಗೂ ಒಂದೇ ಅಳತೆಯ ತಗಡಿನ ತಟ್ಟೆ. ಬಯಲಲ್ಲಿ ಇಡಬೇಕು. ಮಳೆ ಬರುವ ಹಾಗಿದ್ದರೆ ಕೂಡಲೇ ಒಳಗೆ ತಂದು ಮುಚ್ಚಬೇಕು. ನಮ್ಮ ಆಫೀಸಿನವರು ಆಗಾಗ ಜೀಪಿನಲ್ಲಿ ಹೋಗಿ ಅಷ್ಟು ದಿನ ಬಿದ್ದ ಒಣ ಬೂದಿ ತೂಗುತ್ತಾರೆ. ಬೇರೆ ಯಾವ ಲೆಕ್ಕವೂ ಮ್ಯಾಪಿಗೆ ಬರುವುದಿಲ್ಲ.

ಅಕ್ಟೋಬರ್ 30

ನಮ್ಮೂರು ಕಾಲಿಪಂದಾನಿನ ತಟ್ಟೆ ಅಕ್ಕನ ವಶಕ್ಕೆ. ಅವಳ ಮನೆ ಶಾಲೆಯ ಪಕ್ಕದಲ್ಲೇ ಇದೆಯಲ್ಲ, ಶಾಲೆಯ ಅಂಗಳದಲ್ಲಿ ಇಟ್ಟು, ಮಳೆ ಬಂದರೆ ಶಾಲೆಯೊಳಗೇ ಇಡು ಅಂದು ಬಂದೆ. ಸುಮಿನಾರ್ ಅಕ್ಕನಿಗೆ ಒಳಗೊಳಗೇ ಹೆಮ್ಮೆ. ತಂಗಿಯ ಆಫೀಸಿನ ಕೆಲಸ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಳಂತೆ.

ನವೆಂಬರ್ 3

ಮೀಟಿಂಗ್. ಯೂನಿವರ್ಸಿಟಿಯ ಪ್ರಬಂಕಾರ ಎದ್ದು ನಿಂತು ಜಗಳ ತೆಗೆದರು. ಕಾಲಿಪಂದಾನಿನ ಸ್ಮಶಾನದಲ್ಲಿ, ಸಮಾಧಿ ಕಲ್ಲುಗಳ ಮೇಲೆ ಅಳೆದು ತಂದಿದ್ದಾರೆ. ನಮ್ಮ ತಟ್ಟೆಯ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎಷ್ಟು ಅಗಲದ ಕಲ್ಲು, ಎಷ್ಟು ತೂಕ, ಯಾವಾಗಿನಿಂದ ಬಿದ್ದದ್ದು — ಒಂದನ್ನೂ ಬರೆದುಕೊಂಡಿಲ್ಲ. ಸೇರಿಸುವುದಿಲ್ಲ ಅಂದೆ.

"ಸತ್ತವರ ಅಂಗಳ ಯಾರೂ ಗುಡಿಸಲ್ಲ, ವೆನಿಂಗ್. ಅಲ್ಲಿ ಬಿದ್ದಿದ್ದು ಬಿದ್ದ ಹಾಗೇ ಇರುತ್ತೆ" ಅಂತ ನನ್ನ ಹೆಸರು ಹಿಡಿದೇ ಅಂದರು.

ಪದ್ಧತಿ ಪ್ರಕಾರ ತನ್ನಿ, ಕಣ್ಣಿಗೊತ್ತಿಕೊಂಡು ಸೇರಿಸುತ್ತೇನೆ ಅಂದೆ. ಎಲ್ಲರೂ ನಕ್ಕರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನವೆಂಬರ್ 5, ಸಂಜೆ

ಬೆಟ್ಟದ ಮೇಲಿನ ಕೇರಿಗಳನ್ನು ಅಧಿಕಾರಿಗಳು ಖಾಲಿ ಮಾಡಿಸಿದರು. ಜನರನ್ನು ಎಲ್ಲಿಡುವುದು? ನನ್ನ ಮ್ಯಾಪ್ ನೋಡಿದರು. ಕಾಲಿಪಂದಾನ್ ಹಸಿರು, ಬೂದಿ ಕಡಿಮೆ. ಎಲ್ಲರನ್ನೂ ಅಲ್ಲಿನ ಶಾಲೆಗೆ ಕಳಿಸಿದರು. ಅಕ್ಕ ಆಗಲೇ ತೋಳೇರಿಸಿ ಅನ್ನ, ಸೋಯಾಕಾಳಿನ ತೆಂಪೆ ಅಂತ ಅಡುಗೆಗೆ ನಿಂತಿದ್ದಾಳೆ. ನನ್ನ ಕೆಲಸ ಯಾರಿಗೋ ಉಪಯೋಗಕ್ಕೆ ಬಂತು.

ನವೆಂಬರ್ 9, ಬೆಳಿಗ್ಗೆ

ಬರೆಯಲೇಬೇಕು.

ಅಕ್ಕನನ್ನು ನೋಡಿಕೊಂಡು ಬರೋಣ ಅಂತ, ಹೇಳದೆ ಕೇಳದೆ ನಸುಕಿನಲ್ಲೇ ಹೋದೆ. ಊರಿನ ಹೆಂಗಸರೆಲ್ಲ ಕಡ್ಡಿಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದರು. ದಿನದ ಹಾಗೆ. ಅಕ್ಕ ಶಾಲೆಯ ಅಂಗಳ ಗುಡಿಸಿ ಮುಗಿಸಿ, ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜುತ್ತಿದ್ದಳು.

"ನೋಡೇ, ಹೆಂಗೆ ಫಳಫಳ ಅಂತಿದೆ. ದಿನಾ ತೊಳೀತೀನಿ. ನಿಮ್ಮೋರು ಯಾವ ಹೊತ್ತಲ್ಲಿ ಬರ್ತಾರೋ ಏನೋ, ಬಂದೋರ ಮುಂದೆ ಕೊಳಕು ತಟ್ಟೆ ಇಡೋಕಾಗುತ್ತಾ?"

ಇಷ್ಟು ದಿನ ನಾವು ತೂಗಿದ್ದು ಆ ದಿನ ಬೆಳಿಗ್ಗೆ ತೊಳೆದ ಮೇಲೆ ಬಿದ್ದ ಬೂದಿ ಮಾತ್ರ! ತೊಳೆಯಬೇಡಿ ಅಂತ ನಾನು ಬರೆದಿರಲಿಲ್ಲ. ಬರೆಯಬೇಕು ಅಂತ ಹೊಳೆಯಲೂ ಇಲ್ಲ. ಇದೇ ಊರಲ್ಲಿ ಹುಟ್ಟಿ, ಇದೇ ಅಂಗಳ ಗುಡಿಸಿ ಬೆಳೆದವಳಿಗೆ!

ಏಣಿ ಹಾಕಿ ಶಾಲೆಯ ಮಾಡು ಹತ್ತಿದೆ. ತಮ್ಮ ತಮ್ಮ ಮನೆಯ ಹೆಂಚು ಎಲ್ಲರೂ ಗುಡಿಸಿಕೊಂಡಿದ್ದಾರೆ. ಶಾಲೆ ಸರ್ಕಾರದ್ದು, ಅದರ ಮಾಡು ಯಾರು ಗುಡಿಸುತ್ತಾರೆ? ಕೈ ಊರಿದೆ, ಬೂದಿಯೊಳಗೆ ಮಣಿಕಟ್ಟಿನವರೆಗೆ ಹೂತುಹೋಯಿತು. ಕೆಳಗೆ ಜನ, ಮಕ್ಕಳು, ಚಾಪೆಗಳು.

ಅಕ್ಕನ ಮೇಲೆ ಕೂಗಾಡಿದೆ. ಎಲ್ಲರೆದುರಿಗೆ. ತೊಳೆಯಬಾರದು, ಮಳೆ ಬಂದರೆ ಒಳಗಿಟ್ಟು ಮುಚ್ಚಬೇಕು ಅಂತ ಮಗುವಿಗೆ ಪಾಠ ಒಪ್ಪಿಸಿಕೊಂಡ ಹಾಗೆ ಹೇಳಿಸಿದೆ. "ಒಂದು ತಟ್ಟೆಗೋಸ್ಕರ ಇಷ್ಟು ಬಯ್ತೀಯಲ್ಲೇ" ಅಂದಳು. ಮುಖ ಬಾಡಿತ್ತು.

ಮಧ್ಯಾಹ್ನ

ಮೇಲಧಿಕಾರಿಗಳಿಗೆ ಫೋನ್ ಮಾಡಿ ಶಾಲೆ ಖಾಲಿ ಮಾಡಿಸಿ ಅಂದೆ. ಮ್ಯಾಪಿನಲ್ಲಿ ಹಸಿರಿದೆಯಲ್ಲ ಅಂದರು. ಮ್ಯಾಪ್ ತಪ್ಪು ಅಂದೆ. ಹಾಗಾದರೆ ಪದ್ಧತಿ ಪ್ರಕಾರ ಹೊಸ ತೂಕ ಕಳಿಸಿ, ಆಮೇಲೆ ನೋಡೋಣ ಅಂದರು. ನನ್ನ ಮಾತನ್ನು ನನಗೇ ತಿರುಗಿಸಿದರು! ಈಗಷ್ಟೇ ತೊಳೆದ ತಟ್ಟೆಯಲ್ಲಿ ಏನು ತೂಗಲಿ?

ನಾಚಿಕೆ ಬಿಟ್ಟು ಪ್ರಬಂಕಾರ ಅವರನ್ನು ಕೇಳಿದೆ. ಒಂದೂ ಕುಹಕದ ಮಾತಾಡಲಿಲ್ಲ. ಸಮಾಧಿ ಕಲ್ಲುಗಳ ಲೆಕ್ಕ ಕಳಿಸಿದರು. ಹಾಕಲು ಹೋದರೆ ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ. ತೂಕ ಇಲ್ಲದಿದ್ದರೆ ತೆಗೆದುಕೊಳ್ಳಬಾರದು ಅಂತ ಹಟ ಹಿಡಿದು ಮಾಡಿಸಿದವಳು ನಾನೇ.

ನವೆಂಬರ್ 10, ಮಧ್ಯಾಹ್ನ

ದಕ್ಷಿಣಕ್ಕೆ ಮೋಡ ಕಪ್ಪಗೆ. ಒಣ ಬೂದಿಗೇ ಶಾಲೆಯ ತೊಲೆ ಬಾಗಿದೆ, ನೀರು ಕುಡಿದರೆ ಮುಗಿಯಿತು. ಅಪ್ಪಣೆ ಇನ್ನೂ ಬಂದಿಲ್ಲ. ಹಾಳಾಗಿ ಹೋಗಲಿ ಅಪ್ಪಣೆ. ಅಕ್ಕನಿಗೇ ಫೋನ್ ಮಾಡಿ ಹೇಳಿದೆ — ಒಬ್ಬರನ್ನೂ ಬಿಡದೆ ಹೊರಗೆ ಹಾಕು, ಬೈದರೆ ಬೈಸಿಕೋ, ನಾನು ಹೊರಟೆ ಅಂತ. ಯಾಕೆ ಏನು ಅಂತ ಕೇಳಲಿಲ್ಲ. ಆಯ್ತು ಅಂದಳು.

ಅದೇ ದಿನ, ಜೀಪಿನಲ್ಲಿ

ಸೇತುವೆಯ ಹತ್ತಿರ ರಸ್ತೆ ಮುಚ್ಚಿದೆ. ನಿಂತಲ್ಲೇ ನಿಂತಿದ್ದೇವೆ. ಹನಿ ಶುರು. ಗಾಜಿನ ಮೇಲೆ ಕೆಸರು ಇಳಿಯುತ್ತಿದೆ.

ಅಕ್ಕನ ಫೋನ್ ಬಂತು. ಏದುಸಿರು, ಆದರೂ ನಗುತ್ತಿದ್ದಳು.

"ಎಲ್ರೂ ಸ್ಮಶಾನದ ಬಯಲಿಗೆ ಹೋದ್ರು ಕಣೇ. ಶಾಲೆಯೊಳಗೆ ಒಂದು ನರಪಿಳ್ಳೆ ಇಲ್ಲ. ಗಾಬರಿಯಾಗ್ಬೇಡ. ತಟ್ಟೆಗೆ ಬೆರಳೂ ತಾಗಿಸಿಲ್ಲ ಈ ಸಲ. ನೆನೆಯೋಕೆ ಮುಂಚೆ ಒಳಗಿಟ್ಟು ಮುಚ್ಚಿ ಬಂದ್ಬಿಡ್ತೀನಿ, ನೀ ಹೇಳಿದ ಹಾಗೇ."

ಬೇಡ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು.

ಒಳಗೆ ಅಂದರೆ ಶಾಲೆಯ ಒಳಗೆ.

ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ. ಮಳೆ ಜೋರಾಯಿತು. ಮತ್ತೆ ಮಾಡಿದೆ. ರಿಂಗ್ ಆಗುತ್ತಿದೆ… ಎತ್ತು ಅಕ್ಕಾ. ಆ ತಟ್ಟೆ ಅಲ್ಲೇ ಬಿಸಾಡಿ ಹೊರಗೆ ಬಾ. ಹೊರಗೆ—