ಕೋಳಿ ಶೆಡ್ಡಿಗೆ ಕಾರಿನ ಬಾಗಿಲು

ರೀ,

ನೀವು ಏಳುವಷ್ಟರಲ್ಲಿ ನಾನು ಆಸ್ಪತ್ರೆ ಡ್ಯೂಟಿಗೆ ಹೊರಟಿರುತ್ತೇನೆ. ಹಿತ್ತಿಲಿಗೆ ಹೋಗಿ ಕಣ್ಣುಜ್ಜಿಕೊಳ್ಳಬೇಡಿ. ಶೆಡ್ಡಿಗೆ ಕೂರಿಸಿರುವುದು ನಿಮ್ಮ ಕಾರಿನ ಬಾಗಿಲೇ.

ಬೆಕ್ಕು ಬಿಳಿ ಕೋಳಿಯನ್ನು ಎಳೆದುಕೊಂಡು ಹೋದ ದಿನ ಏನಂದಿರಿ? “ಬಾಗಿಲಿಲ್ಲದ ಶೆಡ್ಡಲ್ಲಿ ಸಾಕಿದ್ರೆ ಇನ್ನೇನಾಗುತ್ತೆ? ಮಿಕ್ಕಿದ್ದನ್ನೂ ಮಾರಿಬಿಡು.” ನಾನು ಮಾರುವವಳಲ್ಲ. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿಕೊಡುವ ಮೆಕ್ಯಾನಿಕ್ಕಿನ ಸ್ವಂತ ಕಾರು ಗೋಡೆ ಪಕ್ಕ ತುಕ್ಕು ಹಿಡಿದು ಬಿದ್ದಿತ್ತು. ಅದರ ಬಾಗಿಲಿಗಾದರೂ ಒಂದು ಕೆಲಸ ಸಿಕ್ಕಿತು. ಉಳಿದ ಸಂದಿಗೆ ಹಳೆ ಮಂಚದ ಹಲಗೆ, ಕಿಟಕಿಯ ಜಾಲರಿ ಬಡಿದಿದ್ದೇನೆ. ಮೊಳೆ ಹಿಡಿದುಕೊಟ್ಟವರು ನಿಮ್ಮಮ್ಮ. ಬಯ್ಯುವುದಿದ್ದರೆ ಮೊದಲು ಅವರನ್ನು ಬಯ್ಯಿರಿ, ನೋಡೋಣ.

ಬಿಸಿಲು ಏರಿದ ಮೇಲೆ ಬಾಗಿಲಿನ ಗಾಜನ್ನು ಅರ್ಧ ಇಳಿಸಿ. ಪೂರ್ತಿ ಇಳಿಸಿದರೆ ಕೆಂಪಿ ಹಾರಿ ಆಚೆ ಬರುತ್ತಾಳೆ, ಆಮೇಲೆ ಅವಳನ್ನು ಹಿಡಿಯುವುದು ನಿಮ್ಮ ಪಾಡು. ಕತ್ತಲಾಗುವ ಮುಂಚೆ ಮತ್ತೆ ಏರಿಸಿ, ಬೆಕ್ಕು ಇನ್ನೂ ಕಾಂಪೌಂಡಿನ ಮೇಲೇ ಕೂತಿರುತ್ತದೆ. ಗಾಜು ತಿರುಗಿಸುವ ಹಿಡಿ ಬಿಗಿಯಾಗಿತ್ತು, ಎಣ್ಣೆ ಬಿಟ್ಟಿದ್ದೇನೆ. ನಿಮ್ಮ ಡಬ್ಬಿಯದೇ. ನೀರಿನ ಬಟ್ಟಲು ತೊಳೆದಿಡಿ, ಬರೀ ತುಂಬಿಸಬೇಡಿ.

ಒಲೆ ಪಕ್ಕ ಬೇಯಿಸಿದ ಮೊಟ್ಟೆ ಮುಚ್ಚಿಟ್ಟಿದ್ದೇನೆ. ಕೆಂಪಿಯದು. ಸಿಟ್ಟಿನಲ್ಲೇ ತಿನ್ನಿ, ಪರವಾಗಿಲ್ಲ.

ಕಾರು ಓಡಿದ ದಿನ ಬಾಗಿಲನ್ನು ನಾನೇ ಬಿಚ್ಚಿ ಕೊಡುತ್ತೇನೆ. ಅದಕ್ಕೆ ಮೊದಲೇ ಕಿತ್ತುಕೊಳ್ಳುವುದಾದರೆ ಧಾರಾಳವಾಗಿ ಕಿತ್ತುಕೊಳ್ಳಿ.

ಆ ಕಾರಿಗೆ ಇನ್ನೂ ಮೂರು ಬಾಗಿಲಿವೆ.